13 ವರ್ಷದ ಮಗಳಿಗೆ ರೋಯಿಂಗ್ ಕಲಿಸಬೇಕು: ಶಿವಮೊಗ್ಗದಲ್ಲಿರುವವರು ಎಲ್ಲಿಂದ ಆರಂಭಿಸಬೇಕು?

ವಿನೋಬನಗರದ ತಾಯಿ
ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಎಂಟನೆಯ ತರಗತಿಯಲ್ಲಿದ್ದಾಳೆ. 2025ರ ಆಗಸ್ಟ್‌ನಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಖೇಲೋ ಇಂಡಿಯಾ ಜಲಕ್ರೀಡಾ ಉತ್ಸವ ನಡೆದಾಗ ಅದರ ದೃಶ್ಯಗಳನ್ನು ಟಿ.ವಿ.ಯಲ್ಲಿ ನೋಡಿದಂದಿನಿಂದ ತಾನೂ ರೋಯಿಂಗ್, ಅಂದರೆ ಹುಟ್ಟು ಹಾಕಿ ದೋಣಿ ಓಡಿಸುವ ಆಟ, ಕಲಿಯಬೇಕೆಂದು ಪಟ್ಟು ಹಿಡಿದಿದ್ದಾಳೆ. ನಾಲ್ಕು ದಿನದ ಆಸೆ, ತಾನಾಗಿಯೇ ಇಳಿಯುತ್ತದೆ ಎಂದುಕೊಂಡಿದ್ದೆ, ಆದರೆ ತಿಂಗಳುಗಳು ಕಳೆದರೂ ಇಳಿದಿಲ್ಲ.

ನಮ್ಮದು ನೀರಿನ ಊರು. ಮಳೆಗಾಲದಲ್ಲಿ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೇ ಇಲ್ಲವೇ ಎಂದು ನೋಡಲು ಜನ ತುಂಗೆಯ ದಡಕ್ಕೆ ಓಡಿ ಬರುತ್ತಾರೆ. ಗಾಜನೂರು, ಲಕ್ಕವಳ್ಳಿ, ಲಿಂಗನಮಕ್ಕಿ ಎಂದು ಜಲಾಶಯಗಳನ್ನು ಎಣಿಸುತ್ತ ಹೋದರೆ ನೀರಿಗೆ ಬರವೇ ಇಲ್ಲ. ಆದರೂ ನಾನು ವಿಚಾರಿಸಿದ ಕಡೆಯಲ್ಲೆಲ್ಲ, ಹದಿಹರೆಯದ ಮಕ್ಕಳಿಗೆ ಮೊದಲ ಪಾಠದಿಂದ ರೋಯಿಂಗ್ ಹೇಳಿಕೊಡುವ ಒಂದು ತರಗತಿಯೂ ಸಿಗಲಿಲ್ಲ. ಹಿನ್ನೀರಿನ ದಡದ ಒಂದು ರೆಸಾರ್ಟಿನವರು ‘ರೋಯಿಂಗ್ ತರಬೇತಿ’ ಎಂದು ಫಲಕ ಹಾಕಿದ್ದನ್ನು ನಂಬಿ ಹೋದೆವು. ಅಲ್ಲಿ ಅವಳನ್ನು ಪ್ಲಾಸ್ಟಿಕ್ ದೋಣಿಯೊಂದರಲ್ಲಿ ಕೂರಿಸಿ ಅರ್ಧ ಗಂಟೆ ಸುತ್ತಾಡಿಸಿದರು. ಅವಳಿಗೆ ತೊಡಿಸಿದ ಲೈಫ್ ಜಾಕೆಟ್ಟಿನ ಒಂದು ಬಕಲ್ ಮುರಿದಿತ್ತು. ಅದನ್ನು ನಾನು ಕಂಡದ್ದು ಅವಳು ದಡಕ್ಕೆ ಮರಳಿದ ಮೇಲೆ. ಆ ಅರ್ಧ ಗಂಟೆಯನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ.

ಈ ವಯಸ್ಸಿನಲ್ಲಿ ಆರಂಭಿಸಬಹುದೇ, ಎಲ್ಲಿಗೆ ಹೋಗಬೇಕು, ಕಲಿಸುವವರನ್ನು ಏನು ಕೇಳಬೇಕು ಎಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಹಿನ್ನೀರಿನ ಹುಡುಗ
ಅಕ್ಕ, ಸಾಗರ ತಾಲ್ಲೂಕಿನ ಹೊನ್ನೇಮರಡುವಿಗೆ ಕರೆದುಕೊಂಡು ಹೋಗಿ. ಅಲ್ಲಿ ಕಯಾಕ್, ಕನೂ, ಹರಿಗೋಲು ಎಲ್ಲವೂ ಇವೆ. ನಾನು ಹತ್ತನೆಯ ತರಗತಿಯಲ್ಲಿದ್ದಾಗ ಎರಡು ದಿನ ಇದ್ದು ಬಂದಿದ್ದೆ. ನೀರಿನ ಹೆದರಿಕೆ ಹೋಗಲು ಅದಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ.

ಹುಟ್ಟು ಹಿಡಿದ ಕೈ
ಹೊನ್ನೇಮರಡು ಒಳ್ಳೆಯ ಜಾಗ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ತಾಯಿ ಕೇಳಿದ್ದು ರೋಯಿಂಗ್, ತಾವು ಹೇಳುತ್ತಿರುವುದು ಕಯಾಕಿಂಗ್. ಇವೆರಡೂ ಒಂದೇ ಎಂಬ ತಪ್ಪು ತಿಳಿವಳಿಕೆಯಿಂದಲೇ ಅವರು ಆ ರೆಸಾರ್ಟಿನಲ್ಲಿ ಮೋಸ ಹೋದದ್ದು. ನಾನು ಸೇನೆಯಲ್ಲಿದ್ದಾಗ ಪುಣೆಯಲ್ಲಿ ಆರು ವರ್ಷ ನಾಲ್ವರ ದೋಣಿಯಲ್ಲಿ ಹುಟ್ಟು ಹಾಕಿದವನು, ಈಗ ತೀರ್ಥಹಳ್ಳಿಯಲ್ಲಿದ್ದೇನೆ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕಯಾಕಿನಲ್ಲಿ ಹೋಗುವ ದಿಕ್ಕಿಗೆ ಮುಖ ಮಾಡಿ ಕೂರುತ್ತೇವೆ, ಹುಟ್ಟು ಕೈಯಲ್ಲಿ ಬಿಡಿಯಾಗಿರುತ್ತದೆ. ರೋಯಿಂಗ್‌ನಲ್ಲಿ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತೇವೆ, ಹುಟ್ಟುಗಳನ್ನು ದೋಣಿಯ ಬದಿಗೆ ಚಾಚಿಕೊಂಡ ಲೋಹದ ಚೌಕಟ್ಟಿನ ಕೊಂಡಿಗೆ ಸಿಕ್ಕಿಸಿರುತ್ತಾರೆ. ಕೂರುವ ಪೀಠಕ್ಕೆ ಗಾಲಿಗಳಿದ್ದು ಅದು ಹಳಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ಪಾದಗಳು ಹಲಗೆಗೆ ಬಿಗಿದ ಬೂಟಿನೊಳಗಿರುತ್ತವೆ. ಹೊರಗಿನಿಂದ ನೋಡುವವರಿಗೆ ಇದು ತೋಳಿನ ಆಟವೆನ್ನಿಸುತ್ತದೆ, ಆದರೆ ಬಲದ ದೊಡ್ಡ ಪಾಲು ಬರುವುದು ಕಾಲಿನಿಂದ. ಹುಟ್ಟು ನೀರಿಗೆ ಬಿದ್ದೊಡನೆ ಮೊದಲು ಕಾಲು ಒತ್ತಬೇಕು, ಆಮೇಲೆ ನಡು ಹಿಂದಕ್ಕೆ ವಾಲಬೇಕು, ಕೊನೆಗೆ ಕೈ ಎದೆಗೆ ಬರಬೇಕು. ಮರಳುವಾಗ ಕೈ, ನಡು, ಕಾಲು ಎಂಬ ತಿರುವುಮುರುವು ಕ್ರಮ. ಹೊಸಬರೆಲ್ಲರೂ ಮೊದಲು ಕೈಯನ್ನೇ ಎಳೆಯುತ್ತಾರೆ. ಅದನ್ನು ಬಿಡಿಸುವುದಕ್ಕೇ ಒಂದು ತಿಂಗಳು ಬೇಕು.

ಒಬ್ಬೊಬ್ಬರ ಕೈಯಲ್ಲೂ ಎರಡು ಹುಟ್ಟುಗಳಿದ್ದರೆ ಅದು ಸ್ಕಲ್ಲಿಂಗ್, ಒಂದೇ ಉದ್ದನೆಯ ಹುಟ್ಟಿದ್ದರೆ ಸ್ವೀಪ್. ಬೆಳೆಯುವ ಮಕ್ಕಳಿಗೆ ಸ್ಕಲ್ಲಿಂಗ್‌ನಿಂದಲೇ ಆರಂಭಿಸುವುದು ವಾಸಿ, ಏಕೆಂದರೆ ಬೆನ್ನಿನ ಎರಡೂ ಬದಿಗೆ ಸಮನಾಗಿ ಶ್ರಮ ಬೀಳುತ್ತದೆ. ಒಬ್ಬರೇ ಕೂರುವ ಸ್ಪರ್ಧಾ ದೋಣಿ ಸುಮಾರು 8 ಮೀಟರ್ ಉದ್ದವಿದ್ದು, ನಿಯಮದ ಪ್ರಕಾರ ಅದರ ಕನಿಷ್ಠ ತೂಕ 14 ಕಿಲೋ ಮಾತ್ರ. ಹುಟ್ಟುಗಳೆರಡೂ ನೀರನ್ನು ತಾಗಿರದಿದ್ದರೆ ಅದು ನಿಂತಲ್ಲೇ ಮಗುಚುತ್ತದೆ. ಆದ್ದರಿಂದ ಹೊಸಬರಿಗೆ ಅಗಲವಾದ ತರಬೇತಿ ದೋಣಿಯನ್ನು ಕೊಡಬೇಕು. ಮೊದಲ ದಿನವೇ ತೆಳ್ಳನೆಯ ದೋಣಿಗೆ ಹತ್ತಿಸುವವರು ಕಲಿಸಲು ಬಂದವರಲ್ಲ.

ಹಿನ್ನೀರಿನ ಹುಡುಗ
ಒಪ್ಪಿದೆ ಸರ್. ಆದರೆ ನೀರಿನ ಪರಿಚಯವೇ ಇಲ್ಲದ ಮಗು ನೇರವಾಗಿ ಇಂಥ ದೋಣಿ ಹತ್ತುವುದಕ್ಕಿಂತ, ಒಂದು ವಾರ ಕಯಾಕಿನಲ್ಲಿ ಕಳೆದು ಬಂದರೆ ಅನುಕೂಲವಲ್ಲವೇ?

ಹುಟ್ಟು ಹಿಡಿದ ಕೈ
ಖಂಡಿತ ಅನುಕೂಲ. ತೊಂದರೆ ಇರುವುದು ಅದನ್ನೇ ರೋಯಿಂಗ್ ಎಂದು ಹೇಳಿ ಹಣ ಪಡೆಯುವುದರಲ್ಲಿ.

ದೈಹಿಕ ಶಿಕ್ಷಕ, ಹೊಳೆಹೊನ್ನೂರು
ಹುಡುಗಿಗೆ ಈಜು ಬರುತ್ತದೆಯೇ? ಯಾರೂ ಅದನ್ನು ಕೇಳಲೇ ಇಲ್ಲ.

ವಿನೋಬನಗರದ ತಾಯಿ
ಕಳೆದ ಬೇಸಿಗೆಯಲ್ಲಿ ಕಲಿತಿದ್ದಾಳೆ ಸರ್. ಕೊಳದಲ್ಲಿ ಒಂದು ಬದಿಯಿಂದ ಇನ್ನೊಂದು ಬದಿಗೆ, ಅಂದರೆ 25 ಮೀಟರ್, ನಿಲ್ಲದೆ ಹೋಗುತ್ತಾಳೆ. ಅದು ಸಾಲದೇ?

ದೈಹಿಕ ಶಿಕ್ಷಕ, ಹೊಳೆಹೊನ್ನೂರು
ಸಾಲದು. ಕಠೋರವಾಗಿ ಹೇಳುತ್ತಿದ್ದೇನೆ ಎಂದು ಬೇಸರಿಸಬೇಡಿ. 2016ರಲ್ಲಿ ನಮ್ಮ ಪಕ್ಕದ ಹಾಡೋನಹಳ್ಳಿಯಲ್ಲಿ ಗಣಪತಿ ವಿಸರ್ಜನೆಗೆ ಹೋದ ತೆಪ್ಪ ಮಗುಚಿ 12 ಯುವಕರು ಹೊಳೆಪಾಲಾದರು. ಹೊಳೆಯ ದಡದಲ್ಲಿ ಬೆಳೆದವರಿಗೆ ನೀರು ತಾನಾಗಿಯೇ ಒಲಿಯುತ್ತದೆ ಎಂಬ ನಂಬಿಕೆ ನಮ್ಮ ಸೀಮೆಯಲ್ಲಿ ಬಲವಾಗಿದೆ. ಆ ನಂಬಿಕೆಯನ್ನು ನಾನು ಅಂದೇ ಬಿಟ್ಟೆ.

ವಿದೇಶದ ಅನೇಕ ಕ್ಲಬ್‌ಗಳು ಹೊಸಬರಿಂದ ಕೇಳುವುದು ಬಟ್ಟೆ ತೊಟ್ಟುಕೊಂಡು 50 ಮೀಟರ್ ಈಜುವುದನ್ನು ಮತ್ತು ಎರಡು ನಿಮಿಷ ನಿಂತ ಜಾಗದಲ್ಲೇ ತೇಲುವುದನ್ನು. ನನ್ನ ವಿದ್ಯಾರ್ಥಿಗಳಿಗೆ ನಾನು 100 ಮೀಟರ್ ಇಟ್ಟಿದ್ದೇನೆ, ಏಕೆಂದರೆ ಕೊಳದಲ್ಲಿ ಕಾಲಿಗೆ ನೆಲ ಸಿಗುತ್ತದೆಂಬ ಧೈರ್ಯ ಹಿನ್ನೀರಿನಲ್ಲಿ ಇರುವುದಿಲ್ಲ. ಈಜುಡುಗೆಯಲ್ಲಿ ಮೀನಿನಂತೆ ಹೋಗುವ ಹುಡುಗರು ಪ್ಯಾಂಟು, ತುಂಬುತೋಳಿನ ಅಂಗಿ ತೊಟ್ಟು ಇಳಿದಾಗ ಮೂವತ್ತು ಮೀಟರಿಗೆ ಏದುಸಿರು ಬಿಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇನ್ನೊಂದು ಮಾತನ್ನು ಮಗಳಿಗೆ ಬಾಯಿಪಾಠ ಮಾಡಿಸಿ. ದೋಣಿ ಮಗುಚಿದರೆ ದಡ ಎಷ್ಟೇ ಹತ್ತಿರ ಕಂಡರೂ ಅದರತ್ತ ಈಜಬಾರದು, ದೋಣಿಯನ್ನೇ ಹಿಡಿದುಕೊಂಡು ಕೂಗಬೇಕು. ಮಗುಚಿದ ದೋಣಿ ತೇಲುತ್ತಿರುತ್ತದೆ, ದಣಿದ ಮನುಷ್ಯ ತೇಲುವುದಿಲ್ಲ.

ಮಂಡಗದ್ದೆ ಕಡೆಯವ
ಮೇಷ್ಟ್ರು ಹೇಳಿದ ಕೊನೆಯ ಮಾತು ನೂರಕ್ಕೆ ನೂರು ಸತ್ಯ. ನಮ್ಮಜ್ಜ ತುಂಗೆಯಲ್ಲಿ ದೋಣಿ ದಾಟಿಸುತ್ತಿದ್ದವರು, ಅವರೂ ಇದನ್ನೇ ಹೇಳುತ್ತಿದ್ದರು.

ಆದರೆ ಇಲ್ಲಿ ನನ್ನ ಮನಸ್ಸಿನಲ್ಲಿರುವುದನ್ನೂ ಹೇಳಬೇಕು. ರೋಯಿಂಗ್ ಕಲಿಯಲು ಬೆಂಗಳೂರಿಗೋ ಕೇರಳಕ್ಕೋ ಹೋಗಬೇಕು ಎಂದು ಎಲ್ಲರೂ ಹೇಳುತ್ತಾರೆ. ಹೊಳೆಯ ಸುಳಿ, ಸೆಳವು, ಗಾಳಿ ತಿಳಿದ ಅಂಬಿಗರ ಮನೆಗಳು ಮಲೆನಾಡಿನಲ್ಲಿ ಇನ್ನೂ ಇವೆ. ಸೇತುವೆಗಳು ಬಂದ ಮೇಲೆ ಆ ಮನೆಯ ಮಕ್ಕಳು ಗಾರೆ ಕೆಲಸಕ್ಕೂ ಅಡಿಕೆ ಸುಲಿಯಲಿಕ್ಕೂ ಹೋಗುತ್ತಿದ್ದಾರೆ. ಅವರ ಕೈಗೆ ಒಂದು ಒಳ್ಳೆಯ ದೋಣಿಯನ್ನು ಕೊಡಬೇಕೆಂದು ಯಾರಿಗೂ ಏಕೆ ಹೊಳೆಯಲಿಲ್ಲ? ಪೇಟೆಯ ಮಕ್ಕಳಿಗೆ ಕಲಿಸಬಾರದು ಎಂದು ನಾನು ಹೇಳುತ್ತಿಲ್ಲ. ತರಬೇತಿ ಎಂಬುದು ಇಲ್ಲಿ ಎಂದಾದರೂ ಆರಂಭವಾದರೆ ಮೊದಲ ಸಾಲಿನಲ್ಲಿ ಆ ಮಕ್ಕಳೂ ಇರಬೇಕು.

ಹುಟ್ಟು ಹಿಡಿದ ಕೈ
ತಮ್ಮ ನೋವು ನ್ಯಾಯವಾದದ್ದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಂದು ತಿದ್ದುಪಡಿ ಬೇಕು. ಹರಿಗೋಲಿನ ಕೈಚಳಕ ಈ ದೋಣಿಗೆ ನೇರವಾಗಿ ಬರುವುದಿಲ್ಲ, ಕೆಲವೊಮ್ಮೆ ಹಳೆಯ ಅಭ್ಯಾಸವನ್ನು ಬಿಡಿಸುವುದೇ ಕಷ್ಟವಾಗುತ್ತದೆ. ಬರುವುದು ನೀರಿನ ಮೇಲಿನ ಧೈರ್ಯ ಮತ್ತು ಗಾಳಿಯನ್ನು ಓದುವ ಕಣ್ಣು.

ಮತ್ತೊಂದು ಸಂಗತಿಯನ್ನು ಯೋಚಿಸಿ ನೋಡಿ. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ರೋಯಿಂಗ್‌ನಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದ ಬಜರಂಗಲಾಲ್ ತಾಖರ್ ರಾಜಸ್ಥಾನದ ಸೀಕರ್ ಜಿಲ್ಲೆಯವರು. 2016ರ ರಿಯೊ ಒಲಿಂಪಿಕ್ಸ್‌ನ ಸಿಂಗಲ್ ಸ್ಕಲ್ಸ್‌ನಲ್ಲಿ 13ನೆಯ ಸ್ಥಾನ ಪಡೆದ ದತ್ತು ಭೋಕನಾಳ್ ನಾಸಿಕ್ ಜಿಲ್ಲೆಯ ಬರಪೀಡಿತ ಹಳ್ಳಿಯವರು, ತಂದೆಯ ಜೊತೆ ಬಾವಿ ತೋಡುವ ಕೆಲಸ ಮಾಡಿದವರು. 2012ರಲ್ಲಿ ಸೇನೆಗೆ ಸೇರಿದ ಮೇಲೆಯೇ ಅವರು ಹುಟ್ಟು ಹಿಡಿದದ್ದು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ವರ ಸ್ಕಲ್ಸ್ ತಂಡದಲ್ಲಿ ಚಿನ್ನ ಗೆದ್ದರು. ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಬಲರಾಜ್ ಪನ್ವಾರ್ ಹರಿಯಾಣದ ಕರ್ನಾಲ್ ಕಡೆಯವರು. ಇವರು ಯಾರೂ ನದೀತೀರದಲ್ಲಿ ಹುಟ್ಟು ಹಾಕುತ್ತ ಬೆಳೆದವರಲ್ಲ. ಸೇನೆ ಅವರಿಗೆ ದೋಣಿ, ತರಬೇತುದಾರ, ಹೊಟ್ಟೆ ತುಂಬ ಊಟ ಮತ್ತು ದಿನಕ್ಕೆರಡು ಹೊತ್ತಿನ ಅಭ್ಯಾಸವನ್ನು ಕೊಟ್ಟಿತು. ನಮ್ಮಲ್ಲಿ ನೀರಿದೆ, ಇವು ನಾಲ್ಕೂ ಇಲ್ಲ.

ಮಂಡಗದ್ದೆ ಕಡೆಯವ
ನಾನು ಹೇಳಿದ್ದೂ ಅದನ್ನೇ ಅಲ್ಲವೇ ಸರ್? ಕೊಟ್ಟರೆ ಬರುತ್ತದೆ.

ಸಾಗರದ ಅಡಿಕೆ ಬೆಳೆಗಾರ
ನೀರಿದೆ ಎಂಬ ಮಾತನ್ನೂ ಸ್ವಲ್ಪ ಪರೀಕ್ಷಿಸಬೇಕು. ಒಲಿಂಪಿಕ್ ಸ್ಪರ್ಧೆಯ ದೂರ ಈವರೆಗೆ 2,000 ಮೀಟರ್ ಇತ್ತು, 2028ರ ಲಾಸ್ ಏಂಜಲೀಸ್ ಕೂಟಕ್ಕೆ ಮಾತ್ರ ಅದನ್ನು 1,500 ಮೀಟರಿಗೆ ಇಳಿಸಿದ್ದಾರೆ. ಅಭ್ಯಾಸಕ್ಕೆ ಅಷ್ಟು ನೇರ ದಾರಿ ಬೇಡವೆಂದರೂ, ಅಲೆಯಿಲ್ಲದ, ಸೆಳವಿಲ್ಲದ, ಅಡಿಯಲ್ಲಿ ಏನೂ ಚುಚ್ಚದ ನೀರಂತೂ ಬೇಕೇ ಬೇಕು.

ಲಿಂಗನಮಕ್ಕಿಯನ್ನು ತೆಗೆದುಕೊಳ್ಳಿ. ಅಣೆಕಟ್ಟು 1964ರದ್ದು. ಮುಳುಗಿದ ಕಾಡಿನ ಮರಗಳ ಬೊಡ್ಡೆಗಳು ಇನ್ನೂ ನೀರಿನಡಿಯಲ್ಲಿ ನಿಂತಿವೆ. ಪೂರ್ಣ ಮಟ್ಟ 1,819 ಅಡಿ ಇರುವಾಗ ಅವು ಆಳದಲ್ಲಿರುತ್ತವೆ. ವಿದ್ಯುತ್ತಿಗೆ ನೀರು ಬಿಡುತ್ತ ಬಿಡುತ್ತ ಮಾರ್ಚ್ ಹೊತ್ತಿಗೆ ಮಟ್ಟ ಇಳಿದಾಗ, ಮೇಲ್ಮೈಯಿಂದ ಒಂದು ಗೇಣು ಕೆಳಗೆ ಬೊಡ್ಡೆ ಕಾದಿರುತ್ತದೆ. ಹಿಂದಕ್ಕೆ ಮುಖ ಮಾಡಿ ಕುಳಿತ ಹುಡುಗಿ ಕಾಗದದಷ್ಟು ತೆಳ್ಳನೆಯ ದೋಣಿಯನ್ನು ಅದಕ್ಕೆ ತಾಗಿಸಿದರೆ ಏನಾದೀತು? ಮಧ್ಯಾಹ್ನದ ಮೇಲೆ ಗಾಳಿಯೂ ಏಳುತ್ತದೆ. ಹೊಳೆಬಾಗಿಲಿನಲ್ಲಿ ಸಿಗಂದೂರಿಗೆ ಹಿನ್ನೀರು ದಾಟಿಸುವ ಲಾಂಚ್‌ಗೆ ಕಾಯುತ್ತಿದ್ದ ದಿನಗಳಲ್ಲಿ ಆ ಅಲೆಗಳನ್ನು ನಾವು ಎಷ್ಟು ನೋಡಿಲ್ಲ.

ಶರಾವತಿ ಸೊಸೆ
2025ರ ಜುಲೈನಲ್ಲಿ ಸಿಗಂದೂರು ಸೇತುವೆಯಾದ ಮೇಲೆ ಆ ಕಾಯುವಿಕೆ ತಪ್ಪಿತು, ಆದರೂ ಲಾಂಚ್ ನಡೆಸಿದವರಿಗೆ ತಿಳಿದಿದ್ದ ನೀರಿನ ಗುಟ್ಟು ಯಾರ ಬಳಿಯೂ ಬರೆದಿಟ್ಟಿಲ್ಲ. ಯಾವ ಹೊತ್ತಿಗೆ ಯಾವ ಕಡೆಯಿಂದ ಗಾಳಿ ಬರುತ್ತದೆ, ಬೊಡ್ಡೆಗಳು ಎಲ್ಲಿವೆ ಎಂಬುದನ್ನು ಅವರಿಂದ ಕೇಳಿ ನಕ್ಷೆಯ ಮೇಲೆ ಗುರುತಿಸಿಟ್ಟರೆ ಮುಂದೆ ತರಬೇತಿ ನಡೆಸುವವರಿಗೆ ಉಪಕಾರವಾದೀತು.

ಗೋಪಾಳದ ಎಂಜಿನಿಯರ್
ಹಾಗಾದರೆ ಗಾಜನೂರು? ಶಿವಮೊಗ್ಗದಿಂದ ಹತ್ತಿರವೂ ಹೌದು.

ಸಾಗರದ ಅಡಿಕೆ ಬೆಳೆಗಾರ
ಗಾಜನೂರಿನ ನೀರು ನವೆಂಬರಿನಿಂದ ಮಾರ್ಚ್‌ವರೆಗೆ ಬೆಳಗಿನ ಹೊತ್ತು ಕನ್ನಡಿಯಂತಿರುತ್ತದೆ, ಅದನ್ನು ನಾನೂ ಮೆಚ್ಚುತ್ತೇನೆ. ಮಳೆಗಾಲದಲ್ಲಿ ಗೇಟು ತೆರೆದಾಗ ಅತ್ತ ಸುಳಿಯುವಂತಿಲ್ಲ. ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯ 186 ಅಡಿ ತುಂಬಿದಾಗ ವಿಶಾಲವಾಗಿರುತ್ತದೆ, ಆದರೆ ಅದು ಹುಲಿ ಮೀಸಲು ಪ್ರದೇಶಕ್ಕೆ ಅಂಟಿಕೊಂಡಿದೆ. ಬೇಸಿಗೆಯಲ್ಲಿ ನಡುಗಡ್ಡೆಗಳ ಮೇಲೆ ನದಿ ರೀವ ಹಕ್ಕಿಗಳು ಮೊಟ್ಟೆಯಿಟ್ಟು ಮರಿ ಮಾಡುವ ಕಾಲದಲ್ಲಿ ಅಲ್ಲಿ ದೋಣಿಗಳ ಓಡಾಟ ಹೆಚ್ಚಾಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಎಲ್ಲಿಯೇ ಆದರೂ ಜಲಾಶಯದ ಒಡೆತನದ ನಿಗಮ ಮತ್ತು ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಇಳಿಯಬಾರದು. ಅನುಮತಿ ಪತ್ರವನ್ನು ತೋರಿಸಿ ಎಂದು ತಾಯಿ ಕೇಳುವುದರಲ್ಲಿ ಸಂಕೋಚವೇನೂ ಇಲ್ಲ.

ಗೋಪಾಳದ ಎಂಜಿನಿಯರ್
ನೀರಿಗೆ ಇಳಿಯುವ ಮುನ್ನ ರೋಯಿಂಗ್ ಮಷಿನ್ ಮೇಲೆ ಅಭ್ಯಾಸ ಮಾಡಬಹುದು. ನಮ್ಮ ಜಿಮ್ಮಿನಲ್ಲಿ ಒಂದಿದೆ. ಪಕ್ಕದ ಅಂಕಿಗಳಿರುವ ಸನ್ನೆಯನ್ನು (ಲಿವರ್) ಹತ್ತಕ್ಕೆ ಇಟ್ಟು ದಿನಕ್ಕೆ ಇಪ್ಪತ್ತು ನಿಮಿಷ ಎಳೆದರೆ ಮೂರು ತಿಂಗಳಲ್ಲಿ ದೇಹ ಸಿದ್ಧವಾಗುತ್ತದೆ.

ಹುಟ್ಟು ಹಿಡಿದ ಕೈ
ದಯವಿಟ್ಟು 13ರ ಮಗುವಿಗೆ ಹತ್ತರ ಮೇಲೆ ಎಳೆಸಬೇಡಿ. ಅನೇಕರು ಆ ಸನ್ನೆಯನ್ನು ಕಷ್ಟದ ಮಟ್ಟ ಎಂದು ತಿಳಿಯುತ್ತಾರೆ. ಅದು ಕೇವಲ ಗಾಲಿಯ ಪೆಟ್ಟಿಗೆಗೆ ಎಷ್ಟು ಗಾಳಿ ನುಗ್ಗಬೇಕೆಂಬುದನ್ನು ನಿರ್ಧರಿಸುತ್ತದೆ. ಹತ್ತಕ್ಕೆ ಇಟ್ಟರೆ ಭಾರವಾದ ಹಳೆಯ ದೋಣಿಯನ್ನು ಎಳೆದಂತೆ, ಮೂರರಿಂದ ಐದರ ನಡುವೆ ಇಟ್ಟರೆ ಹಗುರವಾದ ಸ್ಪರ್ಧಾ ದೋಣಿಯಂತೆ. ಒಳ್ಳೆಯ ಕ್ರೀಡಾಪಟುಗಳೂ ಹೆಚ್ಚಾಗಿ ಕೆಳಗಿನ ಅಂಕಿಗಳಲ್ಲೇ ಅಭ್ಯಾಸ ಮಾಡುತ್ತಾರೆ. ನಮ್ಮ ಆಟದಲ್ಲಿ ಹೆಚ್ಚು ಪೆಟ್ಟಾಗುವುದು ಸೊಂಟಕ್ಕೆ ಮತ್ತು ಪಕ್ಕೆಲುಬಿಗೆ. ಬೆನ್ನು ಬಿಲ್ಲಿನಂತೆ ಬಾಗಿಸಿಕೊಂಡು ಭಾರ ಎಳೆಯುವ ಅಭ್ಯಾಸ ಆ ವಯಸ್ಸಿನಲ್ಲಿ ಅಂಟಿದರೆ ಆಮೇಲೆ ಬಿಡಿಸುವುದು ಕಷ್ಟ.

ಮೊದಲ ಎರಡು ವಾರ ದಿನಕ್ಕೆ ಹತ್ತು ನಿಮಿಷ, ನಿಧಾನವಾಗಿ, ನಿಮಿಷಕ್ಕೆ 18ರಿಂದ 20 ಎಳೆತ ಸಾಕು. ಬದಿಯಿಂದ ಫೋನಿನಲ್ಲಿ ಚಿತ್ರಿಸಿಕೊಂಡು, ಕಾಲು ಪೂರ್ತಿ ಚಾಚುವ ಮುನ್ನವೇ ಮೊಣಕೈ ಮಡಿಚುತ್ತಿದ್ದಾಳೆಯೇ ಎಂದು ನೋಡಿ. ಮಡಿಚುತ್ತಿದ್ದರೆ ವೇಗವನ್ನು ಇನ್ನೂ ತಗ್ಗಿಸಿ.

ಗೋಪಾಳದ ಎಂಜಿನಿಯರ್
ನನ್ನದು ತಪ್ಪು ತಿಳಿವಳಿಕೆಯಾಗಿತ್ತು. ಎರಡು ವರ್ಷದಿಂದ ಸೊಂಟ ಹಿಡಿದುಕೊಳ್ಳುತ್ತಿದ್ದುದಕ್ಕೆ ಇದೇ ಕಾರಣವಿರಬಹುದು, ಇಂದಿನಿಂದಲೇ ನಾಲ್ಕಕ್ಕೆ ಇಳಿಸುತ್ತೇನೆ. ಮಗಳಿಗೆ ಅಭ್ಯಾಸಕ್ಕೆ ಬೇಕಾದರೆ ನಮ್ಮ ಜಿಮ್ಮಿನವರನ್ನು ನಾನು ಕೇಳಿ ನೋಡುತ್ತೇನೆ ಮೇಡಂ. ಯಂತ್ರವನ್ನು ಮನೆಗೆ ಕೊಳ್ಳಲು ಹೋಗಬೇಡಿ, ಒಳ್ಳೆಯದಕ್ಕೆ ಲಕ್ಷ ರೂಪಾಯಿಗೂ ಮೇಲೆ ಬೀಳುತ್ತದೆ.

ಹೊಸನಗರದವಳು, ಈಗ ಬೆಂಗಳೂರು
ನನ್ನ ಹಿರಿಯ ಮಗಳು 14ನೆಯ ವಯಸ್ಸಿನಲ್ಲಿ ರೋಯಿಂಗ್‌ಗೆ ಸೇರಿ ಮೂರು ವರ್ಷ ಮಾಡಿದ್ದಾಳೆ, ಆದ್ದರಿಂದ ತಾಯಿಯಾಗಿ ನಾನು ಕಂಡದ್ದನ್ನು ಹೇಳುತ್ತೇನೆ.

ಮೊದಲು ಸೇರಿಸಿದ ಕಡೆ ನಾಲ್ಕನೆಯ ದಿನಕ್ಕೇ ಬಿಡಿಸಿದೆ. ಹನ್ನೆರಡು ಮಕ್ಕಳು ನೀರಿನ ಮೇಲಿದ್ದಾಗ ತರಬೇತುದಾರರು ದಡದ ಮೇಲೆ ನಿಂತು ಫೋನಿನಲ್ಲಿ ಮಾತನಾಡುತ್ತಿದ್ದರು, ಜೊತೆಗೆ ಹೋಗಬೇಕಾದ ಮೋಟಾರ್ ದೋಣಿ ಕೆಟ್ಟು ನಿಂತಿತ್ತು. ಕೇಳಿದ್ದಕ್ಕೆ ‘ಇಷ್ಟು ವರ್ಷದಲ್ಲಿ ಏನೂ ಆಗಿಲ್ಲ’ ಎಂದರು. ಆ ಉತ್ತರ ಸಾಕಾಯಿತು. ಎರಡನೆಯ ಕಡೆ ಮೊದಲ ಐದು ದಿನ ನೀರಿಗೇ ಇಳಿಸಲಿಲ್ಲ. ದೋಣಿಯನ್ನು ನಾಲ್ವರು ಸೇರಿ ಹೆಗಲ ಮೇಲೆ ಹೇಗೆ ಎತ್ತಬೇಕು, ಹೇಗೆ ತಿರುಗಿಸಿ ನೀರಿಗೆ ಇಡಬೇಕು, ಬೂಟಿನ ಪಟ್ಟಿಯನ್ನು ಒಂದೇ ಎಳೆತಕ್ಕೆ ಬಿಚ್ಚಿ ಕಾಲನ್ನು ಹೇಗೆ ಬಿಡಿಸಿಕೊಳ್ಳಬೇಕು ಎಂಬುದನ್ನೇ ಕಲಿಸಿದರು. ಆರನೆಯ ದಿನ ಬೇಕೆಂದೇ ದೋಣಿ ಮಗುಚಿಸಿ ಹೊರಬರುವ ಅಭ್ಯಾಸ ಮಾಡಿಸಿದರು. ದಡದ ಮೇಲೆ ನಿಂತಿದ್ದ ನನಗೆ ಕಣ್ಣೀರು ಬಂದಿತ್ತು, ಅವಳು ಮಾತ್ರ ಇನ್ನೊಮ್ಮೆ ಮಾಡುತ್ತೇನೆಂದಳು.

ಲೈಫ್ ಜಾಕೆಟ್ ಬಗ್ಗೆ ಒಂದು ಮಾತು. ಪಳಗಿದ ಕ್ರೀಡಾಪಟುಗಳು ಸ್ಪರ್ಧಾ ದೋಣಿಯಲ್ಲಿ ಅದನ್ನು ತೊಡುವುದಿಲ್ಲ, ನೋಡಿ ಗಾಬರಿಯಾಗಬೇಡಿ. ಅವರ ಹಿಂದೆ ಪಹರೆಯ ದೋಣಿ ಇರುತ್ತದೆ. ಆದರೆ ಹೊಸದಾಗಿ ಕಲಿಯುವ ಮಗುವಿಗೆ ಬೇಡವೆಂದು ಯಾರೇ ಹೇಳಿದರೂ ಒಪ್ಪಬೇಡಿ.

ಹೆಣ್ಣುಮಕ್ಕಳ ತಾಯಂದಿರು ಇನ್ನೂ ಕೆಲವನ್ನು ನೋಡಬೇಕು. ಬಟ್ಟೆ ಬದಲಿಸಲು ಚಿಲಕವಿರುವ ಕೋಣೆ ಇದೆಯೇ, ಶೌಚಾಲಯ ಇದೆಯೇ, ತರಬೇತಿಯ ಹೊತ್ತಿನಲ್ಲಿ ಒಬ್ಬ ಮಹಿಳೆಯಾದರೂ ಇರುತ್ತಾರೆಯೇ, ಮುಟ್ಟಿನ ದಿನಗಳಲ್ಲಿ ನೀರಿಗೆ ಇಳಿಯುವುದಿಲ್ಲ ಎಂದರೆ ಕಾರಣ ಕೇಳದೆ ದಡದ ಅಭ್ಯಾಸ ಕೊಡುತ್ತಾರೆಯೇ. ಇವನ್ನು ಕೇಳಿದ್ದಕ್ಕೆ ಮುಖ ಗಂಟಿಕ್ಕುವವರ ಬಳಿ ಮಗಳನ್ನು ಬಿಡಬೇಡಿ.

ಅಂಗೈ ಗುಳ್ಳೆ ಏಳುತ್ತದೆ, ಒಡೆಯುತ್ತದೆ, ಮತ್ತೆ ಏಳುತ್ತದೆ. ಕೈಗವಸು ಕೊಡಿಸಬೇಡಿ, ಹಿಡಿತ ಕೆಡುತ್ತದೆ. ಒಂದೂವರೆ ತಿಂಗಳಲ್ಲಿ ಚರ್ಮ ಗಟ್ಟಿಯಾಗುತ್ತದೆ.

ವಿನೋಬನಗರದ ತಾಯಿ
ಹೊಸನಗರದ ಅಕ್ಕ, ತಾವು ಬರೆದದ್ದನ್ನು ಮಗಳಿಗೆ ಓದಿ ಹೇಳಿದೆ. ದೋಣಿ ಮಗುಚಿಸುವ ಭಾಗವನ್ನು ಎರಡು ಸಲ ಓದಿಸಿಕೊಂಡಳು. ಶಾಲೆಯನ್ನು ಹೇಗೆ ನಿಭಾಯಿಸಿದಿರಿ?

ಹೊಸನಗರದವಳು, ಈಗ ಬೆಂಗಳೂರು
ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಐದೂವರೆಗೆ ನೀರಿನ ಬಳಿ ಇದ್ದು, ಎಂಟಕ್ಕೆ ಶಾಲೆಗೆ ಹೊರಡುತ್ತಿದ್ದಳು. ರಾತ್ರಿ ಒಂಬತ್ತಕ್ಕೆ ನಿದ್ರೆ. ಎಸ್ಸೆಸ್ಸೆಲ್ಸಿ ವರ್ಷ ವಾರಕ್ಕೆ ಮೂರು ದಿನಕ್ಕೆ ಇಳಿಸಿದೆವು. ಅಂಕ ಸ್ವಲ್ಪ ಕಡಿಮೆ ಬಂದಿತು, ನಾವು ಯಾರೂ ಅದಕ್ಕೆ ಅಳಲಿಲ್ಲ.

ತರೀಕೆರೆ ಅಪ್ಪ
ಎಲ್ಲವೂ ಸರಿ, ಆದರೆ ಇಷ್ಟು ಕಷ್ಟಪಟ್ಟು ಮುಂದೇನು? ಕ್ರಿಕೆಟ್ಟಿನಲ್ಲಿ ಆದರೆ ತಾಲ್ಲೂಕು ಮಟ್ಟದಲ್ಲೂ ಹೆಸರಿದೆ. ರೋಯಿಂಗ್ ಮಾಡಿ ಬಂದ ಹುಡುಗಿಗೆ ಕೆಲಸ ಯಾರು ಕೊಡುತ್ತಾರೆ?

ಹುಟ್ಟು ಹಿಡಿದ ಕೈ
ಸೇನೆ, ಪೊಲೀಸ್, ಅರೆಸೇನಾ ಪಡೆಗಳಲ್ಲಿ ರೋಯಿಂಗ್ ಮಾಡಿದವರಿಗೆ ಅವಕಾಶಗಳಿವೆ. ಕೇರಳದ ಆಲಪ್ಪುಳದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಜಲಕ್ರೀಡಾ ಕೇಂದ್ರವಿದೆ, ಒಡಿಶಾದ ಜಗತ್ಪುರದಲ್ಲಿ ಇನ್ನೊಂದಿದೆ, ಭೋಪಾಲದಲ್ಲಿ ಮಧ್ಯಪ್ರದೇಶ ಸರ್ಕಾರದ ಅಕಾಡೆಮಿಯಿದೆ. ಪ್ರಾಧಿಕಾರದ ತರಬೇತಿ ಕೇಂದ್ರಗಳ ಯೋಜನೆ 12ರಿಂದ 18 ವಯಸ್ಸಿನವರಿಗಾಗಿ ಇರುವಂಥದ್ದು. ಆಯ್ಕೆಯಲ್ಲಿ ಎತ್ತರ, ಚಾಚಿದ ತೋಳಿನ ಉದ್ದ, ಯಂತ್ರದ ಮೇಲಿನ ಸಮಯ ಇವನ್ನೆಲ್ಲ ನೋಡುತ್ತಾರೆ. ಆಯ್ಕೆಯಾದವರಿಗೆ ವಸತಿ, ಊಟ, ತರಬೇತಿ ಅಲ್ಲಿಯೇ.

ಆದರೆ ಆ ಲೆಕ್ಕವನ್ನು ಈಗಲೇ ಹಾಕಬೇಡಿ ಎಂದು ಕೇಳಿಕೊಳ್ಳುತ್ತೇನೆ. ವಿಶ್ವ ಜೂನಿಯರ್ ವಿಭಾಗಕ್ಕೆ 18 ತುಂಬುವ ವರ್ಷದ ಕೊನೆಯವರೆಗೂ ಅರ್ಹತೆ ಇರುತ್ತದೆ. ಈ ಹುಡುಗಿಗೆ ಐದು ವರ್ಷವಿದೆ.

ತರೀಕೆರೆ ಅಪ್ಪ
ಮನೆಯಲ್ಲಿ ಇಬ್ಬರು ಮಕ್ಕಳಿದ್ದು ಎರಡು ಎಕರೆ ತೋಟ ಇರುವವನಿಗೆ ಲೆಕ್ಕ ಹಾಕದೆ ಇರಲು ಆಗುವುದಿಲ್ಲ ಸರ್. ಆದರೂ ವಸತಿ ಕೇಂದ್ರದ ಮಾಹಿತಿ ಕೊಟ್ಟದ್ದು ಉಪಕಾರವಾಯಿತು. ನನ್ನ ಮಗ 15 ವರ್ಷಕ್ಕೆ ಆರಡಿ ಇದ್ದಾನೆ.

ಕುವೆಂಪು ನಗರದ ಕೆಡೆಟ್
ಎನ್‌ಸಿಸಿ ನೌಕಾ ವಿಭಾಗದಲ್ಲಿ ಬೋಟ್ ಪುಲ್ಲಿಂಗ್ ಇದೆಯಲ್ಲ, ಅದೂ ರೋಯಿಂಗ್ ಅಲ್ಲವೇ? ನನ್ನ ಸೋದರಮಾವನ ಮಗ ಮಂಗಳೂರಿನಲ್ಲಿ ಮಾಡಿದ್ದಾನೆ.

ಹುಟ್ಟು ಹಿಡಿದ ಕೈ
ಅಲ್ಲಿ ವೇಲರ್ ಎಂಬ ಅಗಲವಾದ ಭಾರದ ದೋಣಿ, ಸ್ಥಿರವಾದ ಹಲಗೆಯ ಮೇಲೆ ಕೂರಬೇಕು. ಹುಟ್ಟು ಹಾಕುವುದು ಹೌದು, ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುವುದೂ ಹೌದು, ಆದರೆ ಜಾರುವ ಪೀಠವಿಲ್ಲ. ಒಟ್ಟಿಗೆ ಒಂದೇ ತಾಳದಲ್ಲಿ ಎಳೆಯುವ ಶಿಸ್ತು ಮಾತ್ರ ಅಲ್ಲಿ ಚೆನ್ನಾಗಿ ಬರುತ್ತದೆ. ಕರಾವಳಿಯಲ್ಲಿ ಓದುವ ಮಕ್ಕಳಿಗೆ ಒಳ್ಳೆಯ ಬಾಗಿಲು.

ಶರಾವತಿ ಸೊಸೆ
ಸರ್ಕಾರದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯವರೂ ಜಲಸಾಹಸದ ಶಿಬಿರಗಳನ್ನು ನಡೆಸುತ್ತಾರೆ. ಜಿಲ್ಲಾ ಯುವಜನ ಸೇವಾ ಮತ್ತು ಕ್ರೀಡಾ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಅದು ರೋಯಿಂಗ್ ಅಲ್ಲದಿದ್ದರೂ ನೀರಿನ ಶಿಸ್ತು ಬರುತ್ತದೆ. ಜೊತೆಗೆ ಬಾಯಿಮಾತಿನಲ್ಲಿ ಕೇಳಿ ಬರಬೇಡಿ, ಗಾಜನೂರಿನಲ್ಲಿ ಚಳಿಗಾಲದ ಶಿಬಿರವೊಂದು ಬೇಕೆಂದು ನಾಲ್ಕಾರು ಪೋಷಕರು ಸಹಿ ಮಾಡಿ ಬರವಣಿಗೆಯಲ್ಲಿ ಕೊಡಿ. ಇಷ್ಟು ಮಕ್ಕಳಿಗೆ ಬೇಕಾಗಿದೆ ಎಂದು ಇಲಾಖೆಗೆ ತಿಳಿಯುವುದು ಹೇಗೆ?

ಮಂಡಗದ್ದೆ ಕಡೆಯವ
ಆ ಪತ್ರದಲ್ಲಿ ಹೊಳೆಬದಿಯ ಶಾಲೆಗಳ ಮಕ್ಕಳ ಹೆಸರನ್ನೂ ಸೇರಿಸುವುದಾದರೆ ನಾನೇ ಮನೆಮನೆಗೆ ಹೋಗಿ ಸಹಿ ತರುತ್ತೇನೆ.

ವಿನೋಬನಗರದ ತಾಯಿ
ಖಂಡಿತ ಸೇರಿಸೋಣ ಅಣ್ಣ. ಪತ್ರದ ಕರಡನ್ನು ನಾನು ಬರೆಯುತ್ತೇನೆ, ತಾವು ನೋಡಿ ತಿದ್ದಿಕೊಡಿ.

ಉಳಿದಂತೆ ನಮ್ಮ ತೀರ್ಮಾನ ಹೀಗಿದೆ. ಮಾರ್ಚ್‌ವರೆಗೆ ಈಜು ಮತ್ತು ವಾರಕ್ಕೆ ಮೂರು ದಿನ ಯಂತ್ರದ ಮೇಲೆ ಹತ್ತು ನಿಮಿಷ. ಪರೀಕ್ಷೆ ಮುಗಿದ ಮೇಲೆ ಬೆಂಗಳೂರಿನಲ್ಲಿ ಅವಳ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಹತ್ತು ದಿನದ ಆರಂಭಿಕ ಶಿಬಿರ. ಸೇರಿಸುವ ಮುನ್ನ ಒಂದು ದಿನ ಬೆಳಿಗ್ಗೆ ತಿಳಿಸದೆ ಹೋಗಿ, ಪಹರೆಯ ದೋಣಿ ಓಡುತ್ತಿದೆಯೇ ಎಂದು ನೋಡಿ ಬರುತ್ತೇನೆ. ಅವಳಿಗೆ ಹಿಡಿಸಿದರೆ ಆಮೇಲೆ ಆಲಪ್ಪುಳದ ಆಯ್ಕೆಯ ಮಾತು.

ಸಾಗರದ ಅಡಿಕೆ ಬೆಳೆಗಾರ
ಏಪ್ರಿಲ್, ಮೇ ಎಂದರೆ ಮಧ್ಯಾಹ್ನದ ಮೇಲೆ ಗುಡುಗು ಮಿಂಚು. ಬಯಲು ನೀರಿನ ನಡುವೆ ದೋಣಿಯಲ್ಲಿರುವವರೇ ಎತ್ತರ. ಬೆಳಗಿನ ತಂಡಕ್ಕೇ ಸೇರಿಸಿ.

ದೈಹಿಕ ಶಿಕ್ಷಕ, ಹೊಳೆಹೊನ್ನೂರು
ಶನಿವಾರ ಬೆಳಿಗ್ಗೆ ಆರಕ್ಕೆ ನಾನು ಶಿವಮೊಗ್ಗದ ಈಜುಕೊಳದಲ್ಲಿ ಇರುತ್ತೇನೆ. ಮಗಳನ್ನು ಕರೆತಂದರೆ ಬಟ್ಟೆ ತೊಟ್ಟು ಈಜುವ ಪರೀಕ್ಷೆಯನ್ನು ನಾನೇ ಮಾಡಿಸುತ್ತೇನೆ.

ವಿನೋಬನಗರದ ತಾಯಿ
ಶನಿವಾರ ಹೋಗಿ ಬಂದೆವು. 60 ಮೀಟರ್ ಈಜಿ ನಿಂತಳು. ನಿಂತ ಜಾಗದಲ್ಲಿ ತೇಲುವುದು ಒಂದೂವರೆ ನಿಮಿಷ. ಮೇಷ್ಟ್ರು ಅವಳ ಎದುರಿಗೇ ‘ಇನ್ನೂ ಆಗಿಲ್ಲ’ ಎಂದರು. ಮನೆಗೆ ಬರುವ ದಾರಿಯಲ್ಲಿ ಅವಳು ಮಾತನಾಡಲಿಲ್ಲ. ಸಂಜೆ ನೋಡಿದರೆ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ 60 ಎಂದು ಬರೆದು, ಮುಂದಿನ ತಿಂಗಳ ಕೊನೆಯ ಶನಿವಾರಕ್ಕೆ 100 ಎಂದು ಗುರುತು ಹಾಕಿದ್ದಾಳೆ.

ತರೀಕೆರೆ ಅಪ್ಪ
ಮೇಷ್ಟ್ರೇ, ಮುಂದಿನ ಶನಿವಾರ ನನ್ನ ಮಗನನ್ನೂ ಕರೆದುಕೊಂಡು ಬರಬಹುದೇ? ಅವನಿಗೆ ಹೊಳೆಯಲ್ಲಿ ಈಜಿ ಅಭ್ಯಾಸ, ಕೊಳ ನೋಡಿಲ್ಲ.

ದೈಹಿಕ ಶಿಕ್ಷಕ, ಹೊಳೆಹೊನ್ನೂರು
ಬನ್ನಿ. ಹಳೆಯ ಪ್ಯಾಂಟು, ತುಂಬುತೋಳಿನ ಅಂಗಿ, ಒಂದು ಟವೆಲ್ ತನ್ನಿ. ಕೊಳದ ಬಾಗಿಲು ಆರಕ್ಕೆ ಸರಿಯಾಗಿ ತೆರೆಯುತ್ತದೆ.